ಲಿವರ್ ಕ್ಯಾನ್ಸರ್: ರಕ್ತಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡು ಎಂದಿದ್ದರು. ನಾನು ಬಿಇ ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ನನ್ನ ಕೆಲಸ ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಂಬಂಧಿಸಿದ್ದು. ನೀವು ಕೊಟ್ಟ ರಕ್ತದ ಟ್ಯೂಬು ಯಂತ್ರದೊಳಗೆ ಹೋಗುತ್ತದೆ, ಯಂತ್ರ ಒಂದು ಸಂಖ್ಯೆ ಕೊಡುತ್ತದೆ, ಆ ಸಂಖ್ಯೆ ನಿಮ್ಮ ಹೆಸರಿನ ಮುಂದೆ ಸರಿಯಾಗಿ ಕೂತು ಡಾಕ್ಟರ ಕಂಪ್ಯೂಟರಿಗೆ ತಲುಪಬೇಕು. ಆ ನಡುವಿನ ಕೆಲಸ ನಮ್ಮದು. ಸಂಖ್ಯೆ ಮಿತಿಗಿಂತ ಹೆಚ್ಚಿದ್ದರೆ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಎಚ್’ ಎಂದು ಬರುತ್ತದಲ್ಲ, ಅದನ್ನು ಅಲ್ಲಿ ಕೂರಿಸುವುದೂ ನಮ್ಮಂಥವರು ಬರೆದ ಪ್ರೋಗ್ರಾಮೇ. ನಾನು ಡಾಕ್ಟರಲ್ಲ. ಔಷಧಿ ಹೇಳಲು ನನಗೆ ಹಕ್ಕಿಲ್ಲ. ಆದರೆ ಆ ‘ಎಚ್’ ಅಕ್ಷರಕ್ಕೆ ಎಷ್ಟು ಬೆಲೆ ಕೊಡಬೇಕು, ಎಷ್ಟು ಕೊಡಬಾರದು ಎಂಬುದನ್ನು ಹತ್ತು ವರ್ಷ ನೋಡಿದ್ದೇನೆ. ಅದರಲ್ಲೂ ಲಿವರ್ ಕ್ಯಾನ್ಸರಿನ ರಕ್ತಪರೀಕ್ಷೆಯ ವಿಷಯ ನಮ್ಮ ಊರಿಗೆ ತೀರ ಹತ್ತಿರದ್ದು. ಅದು ಹೇಗೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಲಿವರ್ ಎಂದರೇನು ಎಂದು ನೆನಪಿಸಿಕೊಳ್ಳೋಣ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಯಕೃತ್ತು, ಪಿತ್ತಜನಕಾಂಗ ಎಂದು ಓದಿದ್ದೆವು. ಬಲಗಡೆ ಪಕ್ಕೆಲುಬಿನ ಕೆಳಗೆ, ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಉಂಡದ್ದನ್ನು ಸಂಸ್ಕರಿಸುವುದು, ವಿಷವನ್ನು ಕಳೆಯುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು ಎಲ್ಲ ಅದರ ಪಾಲು. ಅದರ ದೊಡ್ಡ ಗುಣ ತಾಳ್ಮೆ. ಮುಕ್ಕಾಲು ಭಾಗ ಕೆಡುವ ತನಕವೂ ಗೊಣಗದೆ ದುಡಿಯಬಲ್ಲದು. ಅದೇ ಅದರ ದೊಡ್ಡ ದೋಷವೂ ಹೌದು. ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ನೋವಿಲ್ಲ, ಜ್ವರವಿಲ್ಲ. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಮೈ ಇಳಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಹಳ ಸಲ ಹೊತ್ತು ಮೀರಿರುತ್ತದೆ. ಜಗತ್ತಿನಲ್ಲಿ ಕ್ಯಾನ್ಸರಿನಿಂದ ಆಗುವ ಸಾವುಗಳಲ್ಲಿ ಲಿವರ್ ಕ್ಯಾನ್ಸರಿನದು ಮೂರನೆಯ ಸ್ಥಾನ. ವರ್ಷಕ್ಕೆ ಏಳೂವರೆ ಲಕ್ಷಕ್ಕೂ ಹೆಚ್ಚು ಜನ.

ಈ ಕ್ಯಾನ್ಸರಿಗೆ ಒಂದು ವಿಶೇಷವಿದೆ. ಅದು ಸಾಮಾನ್ಯವಾಗಿ ಚೆನ್ನಾಗಿರುವ ಲಿವರಿನಲ್ಲಿ ಏಕಾಏಕಿ ಹುಟ್ಟುವುದಿಲ್ಲ. ವರ್ಷಗಟ್ಟಲೆ ಪೆಟ್ಟು ತಿಂದ ಲಿವರಿನಲ್ಲಿ ಹುಟ್ಟುತ್ತದೆ. ಹೆಪಟೈಟಿಸ್ ಬಿ ವೈರಸ್, ಹೆಪಟೈಟಿಸ್ ಸಿ ವೈರಸ್, ಹೆಂಡ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನಿಂದ ಲಿವರಿನಲ್ಲಿ ಸೇರುವ ಕೊಬ್ಬು, ಬೂಷ್ಟು ಹಿಡಿದ ಕಾಳಿನ ವಿಷ, ಇವು ಪೆಟ್ಟು ಕೊಡುವವರು. ಪೆಟ್ಟು ಬಿದ್ದ ಕಡೆ ಗಾಯ ಮಾಗಿ ಗಾಯ ಮಾಗಿ, ಕೊನೆಗೆ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿರೋಸಿಸ್ ಎನ್ನುತ್ತಾರೆ. ಲಿವರ್ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಮೊದಲೇ ಸಿರೋಸಿಸ್ ಇರುತ್ತದೆ. ಹೆಪಟೈಟಿಸ್ ಬಿ ಇದ್ದವರಲ್ಲಿ ಮಾತ್ರ ಸಿರೋಸಿಸ್ ಇಲ್ಲದೆಯೂ ಬರಬಹುದು. ಅಂದರೆ ಈ ಕಳ್ಳ ಯಾರ ಮನೆಗೆ ಬರುತ್ತಾನೆ ಎಂಬುದು ಬಹುಮಟ್ಟಿಗೆ ಮೊದಲೇ ಗೊತ್ತು. ಈ ಮಾತನ್ನು ನೆನಪಿಡಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಈಗ ರಕ್ತದ ಗುರುತಿಗೆ ಬರೋಣ. 1963ರಲ್ಲಿ ಮಾಸ್ಕೋದಲ್ಲಿ ಗಾರಿ ಅಬೆಲೆವ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇಲಿಗಳಲ್ಲಿ ಒಂದು ವಿಚಿತ್ರ ಕಂಡರು. ಲಿವರಿನಲ್ಲಿ ಗಡ್ಡೆ ಇದ್ದ ದೊಡ್ಡ ಇಲಿಗಳ ರಕ್ತದಲ್ಲಿ, ಹುಟ್ಟದ ಮರಿಗಳ ರಕ್ತದಲ್ಲಿ ಮಾತ್ರ ಇರಬೇಕಾದ ಪ್ರೋಟೀನು ಸಿಕ್ಕಿತು. ಮರುವರ್ಷ, 1964ರಲ್ಲಿ, ಯೂರಿ ಟಾಟಾರಿನೊವ್ ಎಂಬವರು ಲಿವರ್ ಕ್ಯಾನ್ಸರಿನ ರೋಗಿಗಳ ರಕ್ತದಲ್ಲೂ ಅಂಥದೇ ಪ್ರೋಟೀನು ಕಂಡರು. ಅದರ ಹೆಸರು ಆಲ್ಫಾ ಫೀಟೋಪ್ರೋಟೀನ್. ರಿಪೋರ್ಟುಗಳಲ್ಲಿ ಎಎಫ್‌ಪಿ ಎಂದು ಇರುತ್ತದೆ. ಮಗು ಹೊಟ್ಟೆಯಲ್ಲಿದ್ದಾಗ ಅದರ ಲಿವರ್ ಇದನ್ನು ಧಾರಾಳವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಇಳಿಯುತ್ತಾ ಬಂದು ಸುಮಾರು ಒಂದು ವರ್ಷದ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಬರುತ್ತದೆ. ಆರೋಗ್ಯವಂತರಲ್ಲಿ ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಸಾಮಾನ್ಯವಾಗಿ 10 ನ್ಯಾನೋಗ್ರಾಮಿಗಿಂತ ಕಡಿಮೆ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಲಿವರಿನ ಜೀವಕೋಶ ಕ್ಯಾನ್ಸರಿಗೆ ತಿರುಗಿದಾಗ ತನ್ನ ವಯಸ್ಸು ಮರೆತು ಹಸುಗೂಸಿನ ಹಾಗೆ ಆಡಲು ಶುರುಮಾಡುತ್ತದೆ, ಮುಚ್ಚಿಟ್ಟ ಹಳೆಯ ಪ್ರೋಟೀನನ್ನು ಮತ್ತೆ ತಯಾರಿಸುತ್ತದೆ. ಅದು ರಕ್ತಕ್ಕೆ ಸೋರುತ್ತದೆ. ನಾವು ಅಳೆಯುವುದು ಅದನ್ನು.

ಇಷ್ಟು ಕೇಳಿದರೆ ಇನ್ನೇನು, ಎಲ್ಲರಿಗೂ ಎಎಫ್‌ಪಿ ಮಾಡಿಸಿಬಿಡೋಣ ಅನ್ನಿಸುತ್ತದೆ. ತೊಂದರೆ ಇರುವುದು ಎರಡು ಕಡೆ. ಒಂದು, ಎಲ್ಲ ಲಿವರ್ ಕ್ಯಾನ್ಸರುಗಳೂ ಈ ಪ್ರೋಟೀನು ತಯಾರಿಸುವುದಿಲ್ಲ. ಅದರಲ್ಲೂ ಗಡ್ಡೆ ಚಿಕ್ಕದಿರುವಾಗ ಎಎಫ್‌ಪಿ ಮಾಮೂಲಿಯಾಗೇ ಇರುವುದು ಅಪರೂಪವಲ್ಲ. ನಮಗೆ ಹಿಡಿಯಬೇಕಾದದ್ದು ಚಿಕ್ಕ ಗಡ್ಡೆಯನ್ನೇ. ಎರಡು, ಕ್ಯಾನ್ಸರ್ ಇಲ್ಲದೆಯೂ ಇದು ಏರುತ್ತದೆ. ಗರ್ಭಿಣಿಯರಲ್ಲಿ ಸಹಜವಾಗಿ ಏರುತ್ತದೆ. ಹೆಪಟೈಟಿಸ್ ಕೆರಳಿದಾಗ ಏರುತ್ತದೆ. ಸಿರೋಸಿಸ್ ಇದ್ದವರಲ್ಲಿ ಲಿವರ್ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವಾಗ ಏರುತ್ತದೆ. ವೃಷಣದ ಕೆಲವು ಗಡ್ಡೆಗಳಲ್ಲೂ ಏರುತ್ತದೆ. ಯಂತ್ರಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದು ಸಂಖ್ಯೆ ಕೊಡುತ್ತದೆ, ನಮ್ಮ ಪ್ರೋಗ್ರಾಂ ‘ಎಚ್’ ಹಾಕುತ್ತದೆ.

ಹಾಗಾಗಿ ವಿಜ್ಞಾನಿಗಳು ಇನ್ನೂ ಎರಡು ಗುರುತು ಹುಡುಕಿದರು. ಒಂದರ ಕಥೆ ನಮ್ಮ ಅಡುಗೆ ಮನೆಗೆ ಬರುತ್ತದೆ. ಕ್ಯಾನ್ಸರ್ ಕೋಶಗಳು ತಯಾರಿಸುವ ಎಎಫ್‌ಪಿಗೆ ಫ್ಯೂಕೋಸ್ ಎಂಬ ಒಂದು ಸಕ್ಕರೆ ಹೆಚ್ಚಾಗಿ ಅಂಟಿರುತ್ತದೆ. ಈ ಸಕ್ಕರೆ ಇರುವ ಎಎಫ್‌ಪಿಯನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುವ ಒಂದು ಪ್ರೋಟೀನು ಬೇಕಿತ್ತು. ಅದು ಸಿಕ್ಕಿದ್ದು ಮಸೂರ ಬೇಳೆಯಲ್ಲಿ, ನಾವು ಚನ್ನಂಗಿ ಬೇಳೆ ಅನ್ನುತ್ತೇವಲ್ಲ, ಅದರಲ್ಲಿ. ಬೇಳೆಯ ಈ ಪ್ರೋಟೀನಿಗೆ ಅಂಟುವ ಭಾಗಕ್ಕೆ ಎಎಫ್‌ಪಿ ಎಲ್3 ಎಂದು ಹೆಸರು. ಒಟ್ಟು ಎಎಫ್‌ಪಿಯಲ್ಲಿ ಇದರ ಪಾಲು ಶೇಕಡಾ 10 ದಾಟಿದರೆ ಅನುಮಾನ ಬಲವಾಗುತ್ತದೆ. ಇದು ಲ್ಯಾಬಿನ ವಿಷಯ, ಬೇಳೆಸಾರು ಉಂಡರೆ ಎಲ್3 ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತಾಯಂದಿರು ಗಾಬರಿಯಾಗಬೇಡಿ.

ಇನ್ನೊಂದು ಗುರುತು ಡಿಸಿಪಿ, ಅಥವಾ ಪಿವ್ಕಾ 2. ರಕ್ತ ಹೆಪ್ಪುಗಟ್ಟಲು ಪ್ರೋಥ್ರಾಂಬಿನ್ ಎಂಬ ಪ್ರೋಟೀನು ಬೇಕು. ಲಿವರ್ ಅದನ್ನು ತಯಾರಿಸಿ, ವಿಟಮಿನ್ ಕೆ ಸಹಾಯದಿಂದ ಕೊನೆಯ ಹದ ಕೊಟ್ಟು ಹೊರಗೆ ಬಿಡುತ್ತದೆ. ಕ್ಯಾನ್ಸರ್ ಕೋಶಗಳು ಹದ ಬರುವ ಮೊದಲೇ, ಅರ್ಧ ಬೆಂದ ಅನ್ನ ಬಡಿಸಿದ ಹಾಗೆ, ಹೊರಗೆ ಬಿಟ್ಟುಬಿಡುತ್ತವೆ. ಈ ಅರೆಬೆಂದ ಪ್ರೋಥ್ರಾಂಬಿನ್ನೇ ಡಿಸಿಪಿ. ಲಿವರ್ ಕ್ಯಾನ್ಸರಿನಲ್ಲಿ ಇದು ಏರುತ್ತದೆಂದು 1984ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಇದಕ್ಕೂ ಮಿತಿಯಿದೆ. ಹೃದಯದ ತೊಂದರೆಗೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ, ವಿಟಮಿನ್ ಕೆ ಕೊರತೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ.

ಒಬ್ಬ ಸಾಕ್ಷಿಯ ಮಾತಿನ ಮೇಲೆ ಪಂಚಾಯ್ತಿ ತೀರ್ಪು ಕೊಡುವುದಿಲ್ಲ. ಮೂವರನ್ನು ಕರೆಸಿ, ಯಾರ ಮಾತಿಗೆ ಎಷ್ಟು ತೂಕ ಎಂದು ನೋಡುತ್ತದೆ. ಇಂಗ್ಲೆಂಡಿನ ಫಿಲಿಪ್ ಜಾನ್ಸನ್ ಎಂಬ ವೈದ್ಯರ ತಂಡ ಇದನ್ನೇ ಲೆಕ್ಕಕ್ಕೆ ಇಳಿಸಿತು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಎಎಫ್‌ಪಿ ಎಲ್3 ಎಷ್ಟು, ಎಎಫ್‌ಪಿ ಎಷ್ಟು, ಡಿಸಿಪಿ ಎಷ್ಟು, ಈ ಐದನ್ನು ಹಾಕಿದರೆ ಒಂದೇ ಅಂಕ ಬರುತ್ತದೆ. ಅದಕ್ಕೆ ಗ್ಯಾಲಡ್ ಸ್ಕೋರ್ ಎನ್ನುತ್ತಾರೆ. ಪ್ರೋಗ್ರಾಮಿನಲ್ಲಿ ಅದು ಒಂದೇ ಸಾಲು. ಆ ಸಾಲಿನಲ್ಲಿ ವಯಸ್ಸಿನ ಒಂದೊಂದು ವರ್ಷಕ್ಕೂ 0.09 ಅಂಕ, ಗಂಡಸಾಗಿದ್ದರೆ 1.67 ಅಂಕ. ಭಾಗಿಸಿ ನೋಡಿ, ಹದಿನೆಂಟೂವರೆ ಬರುತ್ತದೆ. ಅಂದರೆ ಮಿಕ್ಕದ್ದೆಲ್ಲ ಒಂದೇ ಆಗಿದ್ದರೆ, ಐವತ್ತರ ಗಂಡಸು ಈ ಲೆಕ್ಕದಲ್ಲಿ ಅರವತ್ತೆಂಟರ ಹೆಂಗಸಿನ ಸಮ. ಲಿವರ್ ಕ್ಯಾನ್ಸರ್ ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಸೂತ್ರ ಆ ಸತ್ಯವನ್ನು ಒಳಗೆ ಇಟ್ಟುಕೊಂಡಿದೆ. ಆದರೂ ಇದು ತೀರ್ಪಲ್ಲ, ಯಾರನ್ನು ಬೇಗ ಸ್ಕ್ಯಾನಿಂಗಿಗೆ ಕಳಿಸಬೇಕು ಎಂಬುದರ ಸುಳಿವು ಅಷ್ಟೆ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ನಮ್ಮ ಗಣಿತದ ಮೇಷ್ಟ್ರು ಒಂದು ಅಭ್ಯಾಸ ಮಾಡಿಸಿದ್ದರು. ಶೇಕಡಾ ಲೆಕ್ಕ ಬಿಡಿಸಿದಾಗ ಯಾವುದರ ಶೇಕಡಾ ಎಂದು ಬರೆಯದಿದ್ದರೆ ಅಂಕ ಕೊಡುತ್ತಿರಲಿಲ್ಲ. ಆಗ ನಮಗೆ ಅದು ಹಟ ಅನ್ನಿಸುತ್ತಿತ್ತು. ಇಂದು ನನ್ನ ಕೆಲಸದಲ್ಲಿ ದಿನಾ ಬಳಕೆಗೆ ಬರುವ ಪಾಠ ಅದೊಂದೇ.

ಒಂದು ಲೆಕ್ಕ ಮಾಡೋಣ. ಮಕ್ಕಳು ಪುಸ್ತಕ ತೆಗೆದು ಬರೆದುಕೊಳ್ಳಬಹುದು. ಅರ್ಥವಾಗಲೆಂದು ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತೇನೆ. ಒಂದು ಪರೀಕ್ಷೆ, ಕಾಯಿಲೆ ಇರುವ 100 ಜನರಲ್ಲಿ 60 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 100 ಜನರಲ್ಲಿ 10 ಮಂದಿಗೆ ಸುಳ್ಳೇ ‘ಎಚ್’ ತೋರಿಸುತ್ತದೆ. ಮೊದಲು ಇದನ್ನು ಸಿರೋಸಿಸ್ ಇರುವ 1000 ಜನರಿಗೆ ಮಾಡಿ. ಅವರಲ್ಲಿ 20 ಮಂದಿಗೆ ಕ್ಯಾನ್ಸರ್ ಇದೆ ಎನ್ನೋಣ. 20ರಲ್ಲಿ 12 ಮಂದಿ ಸಿಗುತ್ತಾರೆ. ಉಳಿದ 980ರಲ್ಲಿ 98 ಮಂದಿಗೆ ಹುಸಿ ‘ಎಚ್’. ಒಟ್ಟು 110 ಮಂದಿಗೆ ‘ಎಚ್’, ಅವರಲ್ಲಿ 12 ನಿಜ. ಒಂಬತ್ತರಲ್ಲಿ ಒಂದು. ಒಂಬತ್ತು ಜನರಿಗೆ ಸ್ಕ್ಯಾನ್ ಮಾಡಿ ಒಬ್ಬರ ಜೀವ ಉಳಿಸುವ ದಾರಿ ಸಿಕ್ಕಿದರೆ ಅದು ಒಳ್ಳೆಯ ಕೆಲಸ.

ಈಗ ಅದೇ ಪರೀಕ್ಷೆಯನ್ನು ಯಾವ ತೊಂದರೆಯೂ ಇಲ್ಲದ 10,000 ಜನರಿಗೆ, ಸುತ್ತಲಿನ ನಾಲ್ಕೈದು ಊರಿನ ಎಲ್ಲರಿಗೂ ಮಾಡಿ. ಅವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇದೆ ಎನ್ನೋಣ. ಸುಳ್ಳು ‘ಎಚ್’ ಎಷ್ಟು ಮಂದಿಗೆ? ಸುಮಾರು 1000. ಆರೋಗ್ಯವಂತರಲ್ಲಿ ಹುಸಿ ಕಡಿಮೆ ಇರುತ್ತದೆ, ಹತ್ತರ ಬದಲು ನೂರಕ್ಕೆ ಎರಡೇ ಎಂದುಕೊಂಡರೂ 200 ಮಂದಿ. ಒಬ್ಬರನ್ನು ಹುಡುಕಲು 200 ಮನೆಗಳ ನಿದ್ದೆ ಕೆಡಿಸಬೇಕು, ಅದೂ ಆ ಒಬ್ಬರು ಸಿಕ್ಕೇ ಸಿಗುತ್ತಾರೆಂಬ ಭರವಸೆಯಿಲ್ಲದೆ. ಪರೀಕ್ಷೆ ಅದೇ, ಯಂತ್ರ ಅದೇ, ಸಂಖ್ಯೆ ಅದೇ. ಯಾರಿಗೆ ಮಾಡಿದೆವು ಎಂಬುದರ ಮೇಲೆ ಅದರ ಅರ್ಥ ಬದಲಾಯಿತು. ಯಾವುದರ ಶೇಕಡಾ ಎಂದು ಮೇಷ್ಟ್ರು ಕೇಳುತ್ತಿದ್ದದ್ದು ಇದನ್ನೇ.

ಇದು ಬರೀ ಕಾಗದದ ಲೆಕ್ಕವಲ್ಲ. ಈಚೆಗೆ ಪೇಟೆಗಳಲ್ಲಿ ಮೈಯೆಲ್ಲ ತಪಾಸಣೆಯ ಪ್ಯಾಕೇಜುಗಳು ಬಂದಿವೆ. ಅರವತ್ತು ಎಪ್ಪತ್ತು ಪರೀಕ್ಷೆಗಳ ಪಟ್ಟಿಯಲ್ಲಿ ಕ್ಯಾನ್ಸರ್ ಗುರುತು ಎಂದು ಎಎಫ್‌ಪಿಯನ್ನೂ ಸೇರಿಸುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನ ಗೆಳೆಯನೊಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. “ನಮ್ಮಪ್ಪಂಗೆ ಲಿವರ್ ಕ್ಯಾನ್ಸರ್ ಅಂತೆ ಕಣೋ” ಎಂದು ಅತ್ತ. ಯಾರು ಹೇಳಿದರು ಎಂದರೆ, ಯಾರೂ ಹೇಳಿಲ್ಲ, ರಿಪೋರ್ಟಿನಲ್ಲಿ ಎಎಫ್‌ಪಿ 14, ಪಕ್ಕದಲ್ಲಿ ‘ಎಚ್’. ಅವನು ಅದನ್ನು ಫೋನಿನಲ್ಲಿ ಹುಡುಕಿ ನೋಡಿದ್ದ, ಅಷ್ಟೆ. ಅಪ್ಪ ಊಟ ಬಿಟ್ಟಿದ್ದರು, ಇದ್ದ ಎರಡೆಕರೆಯನ್ನು ಮಕ್ಕಳ ಹೆಸರಿಗೆ ಮಾಡಿಸುವ ಮಾತು ತೆಗೆದಿದ್ದರು. ಲಿವರ್ ತಜ್ಞರು ಸ್ಕ್ಯಾನಿಂಗ್ ಮಾಡಿಸಿ, ವೈರಸ್ ಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ಕಂಡು, ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡಿದರು. 9 ಇತ್ತು. ಆ ಮೂರು ತಿಂಗಳು ಆ ಮನೆ ಪಟ್ಟ ಪಾಡಿಗೆ ಯಾವ ರಿಪೋರ್ಟಿನಲ್ಲೂ ಕಾಲಂ ಇಲ್ಲ.

ಇದರ ಎದುರು ಇನ್ನೊಂದು ಘಟನೆ ಇಡುತ್ತೇನೆ. ನನಗೆ ಸಂಬಂಧದಲ್ಲಿ ಚಿಕ್ಕಪ್ಪನಾಗಬೇಕಾದವರು. ಒಂದು ಶಿಬಿರದಲ್ಲಿ ರಕ್ತದಾನ ಮಾಡಿದರು. ಕೆಲವು ದಿನದ ಮೇಲೆ ನಿಮಗೆ ಹೆಪಟೈಟಿಸ್ ಬಿ ಇದೆ, ಆಸ್ಪತ್ರೆಗೆ ಬನ್ನಿ ಎಂದು ತಿಳಿಸಿದರು. ಅವರು ಯಾರಿಗೂ ಹೇಳಲಿಲ್ಲ. ಕಾಮಾಲೆ ಇರಲಿಲ್ಲ, ಮೈಯಲ್ಲಿ ಶಕ್ತಿ ಇತ್ತು, ದಿನಾ ಹೊಲಕ್ಕೆ ಹೋಗುತ್ತಿದ್ದರು. ಜನ ಏನೆಂದುಕೊಳ್ಳುತ್ತಾರೋ, ಮಗಳ ಸಂಬಂಧ ತಪ್ಪಿಹೋದೀತೋ ಎಂಬ ಅಂಜಿಕೆ ಬೇರೆ. ಹನ್ನೊಂದು ವರ್ಷದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಹೋದಾಗ ಗಡ್ಡೆ ಎಂಟು ಸೆಂಟಿಮೀಟರ್ ಇತ್ತು. ಎಎಫ್‌ಪಿ ಸಾವಿರಗಳಲ್ಲಿತ್ತು. ಆಗ ಆ ಸಂಖ್ಯೆ ಗೊತ್ತಾಗಿ ಏನೂ ಪ್ರಯೋಜನವಾಗಲಿಲ್ಲ. ಗೆಳೆಯನ ತಂದೆಗೆ ಬೇಡವಾಗಿದ್ದ ಪರೀಕ್ಷೆ ಸಿಕ್ಕಿತು, ಚಿಕ್ಕಪ್ಪನಿಗೆ ಬೇಕಾಗಿದ್ದ ಪರೀಕ್ಷೆ ಹನ್ನೊಂದು ವರ್ಷ ಸಿಗಲಿಲ್ಲ. ನಾನು ಇಂದು ಇಲ್ಲಿ ನಿಂತು ಮಾತಾಡುತ್ತಿರುವುದು ಈ ವ್ಯತ್ಯಾಸಕ್ಕಾಗಿ.

ಹಾಗಾದರೆ ಯಾರು ಮಾಡಿಸಿಕೊಳ್ಳಬೇಕು? ಯಾವುದೇ ಕಾರಣದಿಂದ ಸಿರೋಸಿಸ್ ಆಗಿರುವವರು. ಹೆಪಟೈಟಿಸ್ ಬಿ ಇರುವವರಲ್ಲಿ, ನಮ್ಮ ಏಷ್ಯಾದ ಜನರಲ್ಲಿ ಸಾಮಾನ್ಯವಾಗಿ ನಲವತ್ತು ದಾಟಿದ ಗಂಡಸರು, ಐವತ್ತು ದಾಟಿದ ಹೆಂಗಸರು, ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಬಂದಿದ್ದವರು. ಇವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮತ್ತು ಎಎಫ್‌ಪಿ ಎರಡನ್ನೂ ಮಾಡಿಸಬೇಕು. ಎರಡೂ ಯಾಕೆ? ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸಿರೋಸಿಸ್ ಇದ್ದವರಲ್ಲಿ ಆರಂಭದ ಹಂತದ ಗಡ್ಡೆಗಳನ್ನು ಸ್ಕ್ಯಾನಿಂಗ್ ಒಂದೇ ನೂರಕ್ಕೆ 45ರಷ್ಟು ಹಿಡಿಯುತ್ತದೆ. ಎಎಫ್‌ಪಿ ಜೊತೆಗೂಡಿದರೆ 63ರಷ್ಟು. ಎರಡು ಮಂಕು ದೀಪ ಸೇರಿ ಒಂದು ಒಳ್ಳೆಯ ದೀಪದಷ್ಟು ಬೆಳಕು ಕೊಟ್ಟ ಹಾಗೆ.

ಇದರಿಂದ ಜೀವ ಉಳಿಯುತ್ತದೆಯೇ ಎಂಬುದಕ್ಕೆ ಚೀನಾದ ಶಾಂಘೈಯಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಉತ್ತರವಿದೆ. ಹೆಪಟೈಟಿಸ್ ಬಿ ಸೋಂಕು ಅಥವಾ ಹಳೆಯ ಹೆಪಟೈಟಿಸ್ ಇದ್ದ, 35ರಿಂದ 59 ವರ್ಷದ 18,816 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮತ್ತು ಎಎಫ್‌ಪಿ, ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಲಿವರ್ ಕ್ಯಾನ್ಸರಿನಿಂದ ಸತ್ತವರು 32, ಇನ್ನೊಂದರಲ್ಲಿ 54. ಸಾವಿನ ಪ್ರಮಾಣ ಶೇಕಡಾ 37ರಷ್ಟು ಇಳಿದಿತ್ತು. ಇದರಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಅಂಕಿ. ಕರೆದ ಪರೀಕ್ಷೆಗಳಲ್ಲಿ ಜನ ನಿಜವಾಗಿ ಬಂದು ಮಾಡಿಸಿಕೊಂಡದ್ದು ನೂರಕ್ಕೆ 58ರಷ್ಟು ಮಾತ್ರ. ಅಷ್ಟಕ್ಕೇ 37 ಇಳಿಯಿತು. ಉಳಿದವರೂ ಬಂದಿದ್ದರೆ? ಆರು ತಿಂಗಳಿಗೊಮ್ಮೆ ನೆನಪಿಟ್ಟು ಬರುವುದು ದೊಡ್ಡ ವಿಜ್ಞಾನವಲ್ಲ, ಕ್ಯಾಲೆಂಡರಿನ ಕೆಲಸ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಬೇಗ ಸಿಕ್ಕಿದರೆ ಏನು ಲಾಭ? ಅನುಮಾನ ಬಂದರೆ ಬಣ್ಣದ ಔಷಧಿ ಕೊಟ್ಟು ಸಿಟಿ ಅಥವಾ ಎಂಆರ್‌ಐ ಮಾಡುತ್ತಾರೆ, ಅದರಲ್ಲೇ ಬಹಳ ಸಲ ಖಚಿತವಾಗುತ್ತದೆ. ಗಡ್ಡೆ ಚಿಕ್ಕದಿದ್ದರೆ ಕತ್ತರಿಸಿ ತೆಗೆಯಬಹುದು, ಸೂಜಿಯಿಂದ ಶಾಖ ಕೊಟ್ಟು ಸುಡಬಹುದು, ಲಿವರನ್ನೇ ಬದಲಿಸಬಹುದು. 1996ರಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರು, ಐದು ಸೆಂಟಿಮೀಟರಿನೊಳಗಿನ ಒಂದೇ ಗಡ್ಡೆ ಅಥವಾ ಮೂರು ಸೆಂಟಿಮೀಟರಿನೊಳಗಿನ ಮೂರರವರೆಗೆ ಗಡ್ಡೆ ಇದ್ದವರಿಗೆ ಲಿವರ್ ಕಸಿ ಮಾಡಿ, ನಾಲ್ಕು ವರ್ಷದ ಮೇಲೂ ನೂರಕ್ಕೆ 75 ಮಂದಿ ಬದುಕಿದ್ದುದನ್ನು ತೋರಿಸಿದರು. ಎಂಟು ಸೆಂಟಿಮೀಟರ್ ಆದಮೇಲೆ ಈ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತವೆ.

ರಿಪೋರ್ಟು ಇಟ್ಟುಕೊಳ್ಳುವವರಿಗೆ ನನ್ನ ಕಸುಬಿನ ಕಡೆಯಿಂದ ಮೂರು ಮಾತು. ಒಂದು, ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಯಂತ್ರ ಬದಲಾದರೆ ಸಂಖ್ಯೆ ಸ್ವಲ್ಪ ಬದಲಾಗುತ್ತದೆ. ಅಳತೆಯ ಮಾನವೂ ಬೇರೆ ಇರಬಹುದು, ಕೆಲವರು ನ್ಯಾನೋಗ್ರಾಮಿನಲ್ಲಿ, ಕೆಲವರು ಅಂತರರಾಷ್ಟ್ರೀಯ ಯೂನಿಟ್‌ನಲ್ಲಿ ಕೊಡುತ್ತಾರೆ. ಎರಡು, ಹಳೆಯ ರಿಪೋರ್ಟು ಎಸೆಯಬೇಡಿ. ಒಂದು ಸಂಖ್ಯೆಗಿಂತ ಸಂಖ್ಯೆಗಳ ಸಾಲು ಹೆಚ್ಚು ಹೇಳುತ್ತದೆ. 6, 7, 6, 8 ಎಂದು ಇದ್ದರೆ ಒಂದು ಅರ್ಥ, 6, 9, 17, 35 ಎಂದು ಏರುತ್ತಿದ್ದರೆ ಬೇರೆ ಅರ್ಥ. ಮೂರು, ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮೊದಲು ಹೇಳಿ. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳ ಲೆಕ್ಕವನ್ನೇ ತಪ್ಪಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ನಮ್ಮ ಊರಿಗೆ ಎಎಫ್‌ಪಿಗಿಂತ ಮೊದಲು ಬೇಕಾದ ರಕ್ತಪರೀಕ್ಷೆ ಬೇರೆಯದೇ ಇದೆ. ಅದು ಹೆಪಟೈಟಿಸ್ ಬಿ ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ. ಅಮೆರಿಕದ ಬರೂಕ್ ಬ್ಲೂಂಬರ್ಗ್ 1965ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಹೊಸ ಪ್ರೋಟೀನಿನ ವಿಷಯ ಪ್ರಕಟಿಸಿದರು. ಅದು ಈ ವೈರಸ್ಸಿನ ಹೊರಪದರ ಎಂಬುದು ಆಮೇಲೆ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಪ್ರೋಟೀನಿನಿಂದಲೇ ಲಸಿಕೆಯೂ ಹುಟ್ಟಿತು. ತೈವಾನ್ 1984ರಲ್ಲಿ ಮಕ್ಕಳಿಗೆ ಲಸಿಕೆ ಹಾಕಲು ಶುರುಮಾಡಿತು. ಹತ್ತು ವರ್ಷದೊಳಗೆ ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ 0.36ಕ್ಕೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಲಸಿಕೆಯಿಂದ ಕ್ಯಾನ್ಸರ್ ತಡೆಯಬಹುದು ಎಂದು ಜಗತ್ತು ಕಣ್ಣಾರೆ ಕಂಡದ್ದು ಆಗ.

ನಮ್ಮ ದೇಶದಲ್ಲಿ ಈ ಲಸಿಕೆ 2002–03ರಲ್ಲಿ ಕೆಲವೆಡೆ ಪ್ರಾಯೋಗಿಕವಾಗಿ ಶುರುವಾಗಿ, 2011ರ ಹೊತ್ತಿಗೆ ದೇಶಾದ್ಯಂತ ಬಂತು. ಈಗ ಮಗು ಹುಟ್ಟಿದ 24 ಗಂಟೆಯೊಳಗೆ ಒಂದು, ಮತ್ತೆ 6, 10, 14 ವಾರಗಳಲ್ಲಿ ಐದು ರೋಗಗಳ ಲಸಿಕೆಯ ಜೊತೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುತ್ತಾರೆ. ಈ ಸಭಾಂಗಣ ನೋಡಿ. ಮುಂದೆ ಕೂತ ಮಕ್ಕಳಲ್ಲಿ ಹೆಚ್ಚಿನವರಿಗೆ ಲಸಿಕೆ ಬಿದ್ದಿರಬಹುದು. ಹಿಂದೆ ಕೂತ ನಾವು, ಈ ಶಾಲೆಯ ಐವತ್ತು ವರ್ಷದ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು, ಲಸಿಕೆ ಬರುವ ಮೊದಲೇ ಹುಟ್ಟಿದವರು. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಈ ವೈರಸ್ ದಾಟಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ಬಂದರೆ ನೂರಕ್ಕೆ 95 ಮಂದಿಯಲ್ಲಿ ತಾನಾಗಿ ಹೋಗುತ್ತದೆ. ಸೊಪ್ಪಿನ ಔಷಧಿಯಿಂದ ಕಾಮಾಲೆ ವಾಸಿಯಾಯಿತು ಎನ್ನುವಾಗ ಈ ಅಂಕಿ ನೆನಪಿರಲಿ. ಕಣ್ಣಿನ ಹಳದಿ ಹೋಯಿತೆಂದರೆ ವೈರಸ್ ಹೋಯಿತೆಂದಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು. ಇದೆ ಎಂದು ಗೊತ್ತಾದರೆ ಹೆದರಬೇಕಾಗಿಲ್ಲ. ವೈರಸ್ಸನ್ನು ಅದುಮಿಡುವ ಮಾತ್ರೆಗಳಿವೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.

ಒಂದು ಮಾತನ್ನು ಊರಿನವರೆಲ್ಲ ಕೇಳಿಸಿಕೊಳ್ಳಬೇಕು. ಹೆಪಟೈಟಿಸ್ ಬಿ ಒಟ್ಟಿಗೆ ಕೂತು ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಕೈ ಹಿಡಿದರೆ, ಕೆಮ್ಮಿದರೆ ಬರುವುದಿಲ್ಲ. ಹೆರಿಗೆಯಲ್ಲಿ, ರಕ್ತದಿಂದ, ಬಳಸಿದ ಸೂಜಿ ಮತ್ತು ಬ್ಲೇಡಿನಿಂದ, ದೈಹಿಕ ಸಂಬಂಧದಿಂದ ಬರುತ್ತದೆ. ಗಂಡ ಅಥವಾ ಹೆಂಡತಿಗೆ ಲಸಿಕೆ ಹಾಕಿಸಿದರೆ ಅವರಿಗೆ ರಕ್ಷಣೆ ಸಿಗುತ್ತದೆ. ಸಂಬಂಧ ಮುರಿಯುವಂಥ ಕಾಯಿಲೆ ಇದಲ್ಲ. ಚಿಕ್ಕಪ್ಪನ ಬಾಯಿ ಕಟ್ಟಿದ್ದು ವೈರಸ್ ಅಲ್ಲ, ನಮ್ಮ ಮಾತಿನ ಭಯ.

ಇನ್ನು ನಮ್ಮ ಬೆಳೆಯ ವಿಷಯ. ನಮ್ಮದು ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಸಾಗಿಸುವ ಸೀಮೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಹುಡುಕಿದಾಗ ಮೇವಿನಲ್ಲಿದ್ದ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ಉಂಡು 397 ಮಂದಿ ಕಾಯಿಲೆ ಬಿದ್ದರು, 106 ಮಂದಿ ಸತ್ತರು. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಅದು ಲಿವರ್ ಕ್ಯಾನ್ಸರಿಗೆ ದಾರಿ. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಹಲವು ಪಟ್ಟು. ಹುರಿದರೆ, ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಶೇಂಗಾ ಕಿತ್ತ ಮೇಲೆ ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನುವ ತನಕ ಒಣಗಿಸಿ. ಒದ್ದೆ ನೆಲದ ಮೇಲೆ ಚೀಲ ಒಟ್ಟಬೇಡಿ. ಬೂಷ್ಟು ಬಂದ, ಸುಕ್ಕಾದ, ಕಹಿಯಾದ ಬೀಜವನ್ನು ಆರಿಸಿ ಎಸೆಯಿರಿ. ಮಾರಲು ಒಳ್ಳೆಯದು, ಮನೆಗೆ ಉಳಿದದ್ದು ಎಂಬ ನಮ್ಮ ಹಳೆಯ ರೂಢಿ ಇಲ್ಲಿ ಬೇಡ. ಬೂಷ್ಟಿನ ಹಿಂಡಿಯನ್ನು ಎಮ್ಮೆಗೂ ಹಾಕಬೇಡಿ, ವಿಷದ ಒಂದು ಪಾಲು ಹಾಲಿನಲ್ಲಿ ಬರುತ್ತದೆ.

ವಿಜ್ಞಾನ ಇಲ್ಲಿಗೇ ನಿಂತಿಲ್ಲ. ಸತ್ತ ಕ್ಯಾನ್ಸರ್ ಕೋಶಗಳಿಂದ ರಕ್ತಕ್ಕೆ ಬರುವ ಡಿಎನ್‌ಎ ಚೂರುಗಳನ್ನು ಓದಿ, ಇವು ಲಿವರಿನಿಂದ ಬಂದವು ಎಂದು ಗುರುತಿಸುವ ಪರೀಕ್ಷೆಗಳು ಬರುತ್ತಿವೆ. ಅದರಲ್ಲಿ ನನ್ನಂಥ ಕಂಪ್ಯೂಟರಿನವರಿಗೂ ಕೆಲಸವಿದೆ. ಮುಂದೆ ಕೂತ ಮಕ್ಕಳಲ್ಲಿ ಯಾರಾದರೂ ಅದನ್ನು ಮಾಡಬಹುದು. ಆದರೆ ಎಷ್ಟೇ ಹೊಸ ಪರೀಕ್ಷೆ ಬರಲಿ, ಯಾವುದರ ಶೇಕಡಾ ಎಂಬ ಪ್ರಶ್ನೆ ಹಳೆಯದಾಗುವುದಿಲ್ಲ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ವಿನಂತಿ. ಕಮಾನು, ಗಂಟೆಗೋಪುರ ಕಟ್ಟಿಸುವ ಮಾತು ನಡೆದಿದೆ, ಸಂತೋಷ. ಅದರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಮತ್ತು ಆಶಾ ಕಾರ್ಯಕರ್ತೆಯರನ್ನು ಕೂಡಿಸಿಕೊಂಡು, ದೊಡ್ಡವರೆಲ್ಲ ಜೀವನದಲ್ಲಿ ಒಮ್ಮೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳುವ ಹಾಗೆ ಏರ್ಪಾಡು ಮಾಡೋಣ. ಫಲಿತಾಂಶ ಅವರವರ ಕೈಗೆ ಮಾತ್ರ, ಬೋರ್ಡಿನ ಮೇಲೆ ಅಲ್ಲ. ಇಲ್ಲ ಎಂದು ಬಂದವರು ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಲಿ. ಇದೆ ಎಂದು ಬಂದವರಿಗೆ ಆರು ತಿಂಗಳಿಗೊಮ್ಮೆ ‘ಪರೀಕ್ಷೆಯ ದಿನ ಬಂತು’ ಎಂದು ಅವರ ಫೋನಿಗೆ ಕನ್ನಡದಲ್ಲಿ ನೆನಪು ಕಳಿಸುವ ಚಿಕ್ಕ ಪ್ರೋಗ್ರಾಂ ನಾನು ಬರೆದುಕೊಡುತ್ತೇನೆ. ಅದರಲ್ಲಿ ಕಾಯಿಲೆಯ ಹೆಸರು ಇರುವುದಿಲ್ಲ, ಪಟ್ಟಿ ಆಸ್ಪತ್ರೆಯವರ ಬಳಿಯೇ ಇರುತ್ತದೆ. ಶಾಂಘೈಯಲ್ಲಿ ಬಾರದೆ ಉಳಿದ ನೂರಕ್ಕೆ ನಲವತ್ತೆರಡು ನಮ್ಮಲ್ಲಿ ಇಪ್ಪತ್ತಾದರೂ ಆಗಲಿ, ಹತ್ತಾದರೂ ಆಗಲಿ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಈ ವರ್ಷ ಶೇಂಗಾ ಒಕ್ಕಲಾದ ಮೇಲೆ ಒಂದು ಭಾನುವಾರ ಗೊತ್ತುಮಾಡಿ, ನಾನು ರಜೆ ಹಾಕಿ ಬರುತ್ತೇನೆ.